ಬಿಚ್ಚಿ ಹೆಣೆದದ್ದು

ಬಲಗೈ ಸ್ವೆಟರಿನ ತೋಳಿನೊಳಗೆ ಮೊಣಕೈವರೆಗೆ ಹೋಗಿ ನಿಂತುಬಿಟ್ಟಿತು. ಮೈ ತೊಳೆದು ಬಟ್ಟೆ ಹಾಕಲು ಬಂದಿದ್ದ ಆಸ್ಪತ್ರೆಯ ಆಯಾ ಮೆಲ್ಲಗೆ ಎಳೆದು ನೋಡಿದಳು, ಆಮೇಲೆ ಸ್ವಲ್ಪ ಬಲವಾಗಿಯೇ ಎಳೆದಳು. ಕೈ ಮಣಿಯಲಿಲ್ಲ. ಪ್ರಾಣ ಹೋಗಿ ಹದಿನೈದು ಗಂಟೆಯಾದ ಮೈ ಯಾರ ಮಾತನ್ನೂ ಕೇಳುವುದಿಲ್ಲ. ಈ ಮುದುಕಿಯಂತೂ ಪ್ರಾಣ ಇದ್ದಾಗಲೂ ಕೇಳಿದವಳಲ್ಲ.

"ಕತ್ತರಿ ಕೊಡಿ ಅಕ್ಕಾ," ಎಂದಳು ಆಯಾ. "ಬೆನ್ನ ಕಡೆ ಕೆಳಗಿಂದ ಕುತ್ತಿಗೆ ತನಕ ಸೀಳಿಬಿಟ್ರೆ ಆಯ್ತು. ಎಲ್ರಿಗೂ ಹಾಗೇ ಮಾಡೋದು. ಮಲಗಿಸಿದ ಮೇಲೆ ಗೊತ್ತೇ ಆಗಲ್ಲ."

ಸೊಸೆ ಕತ್ತರಿ ಕೊಡಲಿಲ್ಲ. ಹೆಣಿಗೆಗೆ ಕತ್ತರಿ ಹಾಕಿದರೆ ಎಳೆ ಎಳೆಯಾಗಿ ಬಿಚ್ಚಿಕೊಂಡು ಹೋಗುತ್ತದೆ ಎಂದಳು. ಮಣಿಕಟ್ಟಿನಿಂದ ತೋಳಿನ ಅಡಿಗುಂಟ ಸೊಂಟದವರೆಗೆ ಎರಡೂ ಪಕ್ಕದ ಹೊಲಿಗೆ ಬಿಚ್ಚುತ್ತೇನೆ, ಬೆನ್ನಿನ ಭಾಗವನ್ನು ಅಡಿಯಲ್ಲಿ ಹಾಸಿ ಉಳಿದದ್ದನ್ನು ಮೇಲೆ ಹೊದಿಸಿ ಮತ್ತೆ ಹೊಲಿದರಾಯಿತು ಎಂದಳು. ಆಯಾ ಅರ್ಧ ಹೊಕ್ಕಿದ್ದ ತೋಳನ್ನು ಹಿಂದಕ್ಕೆ ಎಳೆದು ಸ್ವೆಟರನ್ನು ಅವಳ ಕೈಗಿಟ್ಟಳು. ದಿನಕ್ಕೆ ಇಂಥ ಎರಡು ಮನೆ ನೋಡುವವಳಿಗೆ ವಾದ ಮಾಡುವ ಉಮೇದು ಇರಲಿಲ್ಲ.

ಸತ್ತವಳ ಮಗಳು ಕಿಟಕಿಯ ಬಳಿ ನಿಂತು ತಾನು ತಂದಿದ್ದ ಹೊಸ ಬಟ್ಟೆಯ ಮಡಿಕೆಗಳನ್ನು ಸುಮ್ಮನೆ ನೀವುತ್ತಿದ್ದಳು.

"ಅತ್ತಿಗೆ, ಹನ್ನೊಂದಕ್ಕೆ ವ್ಯಾನ್ ಬರುತ್ತೆ. ಈಗಲೇ ಒಂಬತ್ತು ದಾಟಿದೆ. ಇಷ್ಟು ಚೆನ್ನಾಗಿರೋ ಬಟ್ಟೆ ಇರೋವಾಗ ಆ ಹಳೇದನ್ನ ಯಾಕೆ ಹಾಕ್ತೀರಾ?"

"ಅವರೇ ಹೇಳಿದ್ರು."

"ಯಾವಾಗ?"

ಐದು ದಿನದ ಹಿಂದೆ, ಮಧ್ಯಾಹ್ನ, ಚಮಚದಲ್ಲಿ ನೀರು ಕುಡಿಸುವಾಗ ಅತ್ತೆ ಹೇಳಿದ್ದಳು. ಆ ಸ್ವೆಟರ್ ಹಾಕಿ ಕಳಿಸು, ನನ್ನ ಮೈಗೆ ಸರಿಯಾಗಿ ಕೂರುವುದು ಅದೊಂದೇ, ಎಂದು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಮರೆತಂತೆ ಇದ್ದುಬಿಟ್ಟಿದ್ದರೆ ಕೇಳುವವರೇ ಇರಲಿಲ್ಲ. ಆದರೆ ಅವಳು ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ, ಚೀಟಿಯಲ್ಲಿ ಬರೆದದ್ದನ್ನು ಬರೆದಷ್ಟೇ ಕೊಟ್ಟು ಬಂದವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡದೆ ಇರುವುದು ಅವಳಿಗೆ ಬರುತ್ತಲೇ ಇರಲಿಲ್ಲ.

ಮನಸ್ಸಿತ್ತೇ ಎಂದರೆ, ಇರಲಿಲ್ಲ. ಆ ಸ್ವೆಟರ್ ಮೊದಲು ಹೆಣೆದವಳು ಅವಳೇ. ಈಗ ಅದರಲ್ಲಿ ಅವಳ ಕೈಯ ಕುಣಿಕೆ ಒಂದೇ ಒಂದೂ ಉಳಿದಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ತಾನು ಮಾಡಿದ್ದು ಒಂದಾದರೂ ಈ ಹೆಂಗಸಿಗೆ ಹಿಡಿಸಿತ್ತೇ ಎಂದು ಅವಳು ಎಷ್ಟೋ ಸಲ ಕೇಳಿಕೊಂಡಿದ್ದಳು; ಆ ಸ್ವೆಟರೇ ಉತ್ತರ ಎಂದು ಕೊನೆಗೆ ತೀರ್ಮಾನಿಸಿ ಕೇಳುವುದನ್ನು ಬಿಟ್ಟಿದ್ದಳು. ಈಗ ಅದನ್ನೇ ತಾನೇ ಕೈಯಾರೆ ಹಾಕಿ ಕಳಿಸಬೇಕು.

ಅವಳು ಸ್ವೆಟರನ್ನು ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಬೆಳಕು ಚೆನ್ನಾಗಿ ಬೀಳುವುದು ಅಲ್ಲಿಯ ಮೇಜಿನ ಮೇಲೆ ಮಾತ್ರ.

*

ಅತ್ತೆಯನ್ನು ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಆಲ್ಟ್ರೇಷನ್ ಅಮ್ಮ ಎಂದು. ಸಿದ್ಧ ಉಡುಪಿನ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಅವಳು ಮೂವತ್ತೊಂದು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಮೇಲೆ ಕೊಂಡವರಿಗೆ ಪ್ಯಾಂಟು ಉದ್ದವಾದರೆ, ಕೋಟು ಹೆಗಲಲ್ಲಿ ಜೋತುಬಿದ್ದರೆ, ಅದು ಸೂಜಿ ಚುಚ್ಚಿಸಿಕೊಂಡು ಮೆಟ್ಟಿಲಿಳಿದು ಅವಳ ಬಳಿ ಬರುತ್ತಿತ್ತು. ಒಂದು ಬಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿಯುವ ಭಾಗ್ಯ ಅವಳಿಗೆ ಅಲ್ಲಿ ಒಮ್ಮೆಯೂ ಬರಲಿಲ್ಲ. ಇನ್ನೊಬ್ಬರು ಹೊಲಿದದ್ದನ್ನು ಬಿಚ್ಚುವುದು, ಮತ್ತೊಬ್ಬರ ಮೈಗೆ ಹೊಂದಿಸುವುದು, ಇಷ್ಟೇ.

ಆ ಚಟ ಸಂಜೆ ಅವಳ ಜೊತೆಗೇ ಬಸ್ಸು ಹತ್ತಿ ಮನೆಗೂ ಬರುತ್ತಿತ್ತು. ಸೊಸೆ ಹಾಕಿದ ಪರದೆ ನಾಲ್ಕು ಬೆರಳು ಗಿಡ್ಡವಾಗುತ್ತಿತ್ತು. ಸೊಸೆ ಜೋಡಿಸಿಟ್ಟ ಡಬ್ಬಿಗಳು ಎಡದಿಂದ ಬಲಕ್ಕೆ ಹೋಗುತ್ತಿದ್ದವು. ಒಲೆಯ ಮೇಲೆ ಏನು ಕುದಿಯುತ್ತಿದ್ದರೂ ಅದಕ್ಕೆ ಹೋಗುತ್ತಾ ಒಂದು ಚಿಟಿಕೆ ಉಪ್ಪು, ಬರುತ್ತಾ ಒಂದು ಚಿಟಿಕೆ ಉಪ್ಪು ಬೀಳುತ್ತಿತ್ತು. ಡಾಕ್ಟರು ಎರಡು ಹೊತ್ತು ಎಂದು ಬರೆದ ಮಾತ್ರೆ ಅವಳ ಲೆಕ್ಕದಲ್ಲಿ ಒಂದೂವರೆ ಹೊತ್ತು. ಔಷಧಿ ಅಂಗಡಿಯ ಸೊಸೆಗೆ ಇದೊಂದನ್ನು ಮಾತ್ರ ನೋಡಿ ಸುಮ್ಮನಿರಲು ಆಗುತ್ತಿರಲಿಲ್ಲ.

ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಸೊಸೆ ಆ ಸ್ವೆಟರ್ ಹೆಣೆದಳು. ಪತ್ರಿಕೆಯೊಂದರಲ್ಲಿ ಬಂದ ನಮೂನೆ: ವಿ ಆಕಾರದ ಕುತ್ತಿಗೆ, ನೇರ ತೋಳು, ಎದೆಯ ನಡುವೆ ಒಂದು, ಬೆನ್ನಿನ ನಡುವೆ ಒಂದು ಉಣ್ಣೆಯ ಜಡೆ, ಎಳೆಗಳು ಒಂದರ ಮೇಲೊಂದು ಹೊರಳುತ್ತಾ ಮೇಲೇರುವಂಥದ್ದು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೌಂಟರಿನ ಹಿಂದೆ ಕೂತು, ಒಂದೊಂದು ಸಾಲು ಮುಗಿದಾಗಲೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಹನ್ನೊಂದು ವಾರ ಹೆಣೆದಳು. ಬೂದು ಬೆರೆತ ನೀಲಿ ಉಣ್ಣೆ. ಅತ್ತೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಹಿಂದೆ ತಿರುಗಿ ಮುಂದೆ ತಿರುಗಿ ನೋಡಿಕೊಂಡಳು. ಚೆನ್ನಾಗಿದೆ ಎಂದಳು. ಎಂಟು ದಿನ ಅದನ್ನೇ ಹಾಕಿಕೊಂಡು ಓಡಾಡಿದಳು. ಸೊಸೆಗೆ ಆ ಎಂಟು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಒಂಬತ್ತನೆಯ ದಿನ ಕೆಲಸ ಮುಗಿಸಿ ಬಂದರೆ ಸ್ವೆಟರಿನ ಕುತ್ತಿಗೆ ಬಿಚ್ಚಿ ಕಡ್ಡಿಗೆ ಏರಿತ್ತು. "ಗಾಳಿ ಹೊಗುತ್ತೆ ಕಣೇ," ಎಂದಳು ಅತ್ತೆ, ತಪ್ಪು ಮಾಡಿದವಳ ಮುಖ ಎಳ್ಳಷ್ಟೂ ಇಲ್ಲದೆ. ವಿ ಹೋಗಿ ಎತ್ತರದ ದುಂಡು ಕುತ್ತಿಗೆ ಬಂತು. ಮುಂದಿನ ವರ್ಷ ತೋಳು. ಪಾತ್ರೆ ತೊಳೆಯುವಾಗ ಮೇಲೆ ಸರಿಸಲು ಬರುವಂತೆ ಅಗಲವಾಯಿತು. ಅದರ ಮುಂದಿನ ವರ್ಷ ಎದೆಯ ಜಡೆಯ ಸರದಿ. ಎದೆ ಮೇಲೆ ಹಗ್ಗ ಬಿಗಿದ ಹಾಗಿದೆ ಎಂದು ಇಡೀ ಮುಂಭಾಗವನ್ನೇ ಬಿಚ್ಚಿ, ಎರಡು ಹೋಳು ಮಾಡಿ, ಗುಂಡಿ ಇಟ್ಟು, ಜೇಬು ಎರಡು ಕೂಡಿಸಿದಳು: ಬಲದ್ದು ಕನ್ನಡಕಕ್ಕೆ, ಎಡದ್ದು ಪೆಪ್ಪರ್‌ಮಿಂಟಿಗೆ. ಉಣ್ಣೆ ಸಾಲದೆ ಹೋದಾಗ ಅಂಚಿಗೆಲ್ಲ ಸಾಸಿವೆ ಹಳದಿ ಬಂತು. ಬೂದು ನೀಲಿಯ ಪಕ್ಕ ಸಾಸಿವೆ ಹಳದಿ ಇಡಬೇಕೆಂದು ಲೋಕದಲ್ಲಿ ಇನ್ನಾರಿಗೂ ಹೊಳೆಯಲಿಕ್ಕಿಲ್ಲ.

ಬಿಚ್ಚಿದ ಉಣ್ಣೆ ಸಿಕ್ಕಾಗದಂತೆ ಸುತ್ತಲು ಎರಡು ಕೈ ಬೇಕು. ಅದಕ್ಕೆ ಅವಳು ಕರೆಯುತ್ತಿದ್ದದ್ದು ಸೊಸೆಯನ್ನೇ. ಅತ್ತೆ ಏನೋ ಗುನುಗುತ್ತಾ ಬಿಚ್ಚುವುದು, ಸೊಸೆ ಎದುರಿಗೆ ಕೂತು ಎರಡೂ ಕೈ ಚಾಚಿ ತಾನು ಹೆಣೆದದ್ದನ್ನೆಲ್ಲ ತನ್ನ ಮುಂಗೈಗೇ ಸುತ್ತಿಸಿಕೊಳ್ಳುವುದು. ಒಮ್ಮೆಯೂ ಜಗಳವಾಗಲಿಲ್ಲ. ಆದರೆ ಮೂರನೆಯ ವರ್ಷದ ನಂತರ ಸೊಸೆ ಆ ಸ್ವೆಟರನ್ನು ಒಗೆಯಲಿಲ್ಲ, ಮಡಿಸಲಿಲ್ಲ, ಮುಟ್ಟಲೂ ಇಲ್ಲ. ಅತ್ತೆ ತಾನೇ ತಣ್ಣೀರಿನಲ್ಲಿ ಒಗೆದು ತನ್ನ ಕೋಣೆಯಲ್ಲೇ ಹರಡಿಕೊಳ್ಳುತ್ತಿದ್ದಳು.

*

ಹೊರಗಿನ ಕೋಣೆಯಲ್ಲಿ ಬಾಡಿಗೆಗೆ ತಂದ ಕುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು. ಸತ್ತವಳ ಮಗ ಬಾಗಿಲ ಬಳಿ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: ನಿನ್ನೆ ಸಂಜೆ ಆರಕ್ಕೆ, ನೋವೇನೂ ಪಡಲಿಲ್ಲ. ಎಂಟು ತಿಂಗಳು ಹಾಸಿಗೆ ಹಿಡಿದವಳು ನೋವು ಪಡಲಿಲ್ಲವೆಂದು ಹೇಳುವುದು ಅವನಿಗೂ ಬೇಸರವಾಗಿ, ಬರಬರುತ್ತಾ ಸಂಜೆ ಆರಕ್ಕೆ ಎಂಬುದಷ್ಟೇ ಉಳಿಯಿತು.

ಅತ್ತೆ ಕೆಲಸ ಮಾಡಿದ್ದ ಅಂಗಡಿಯ ಹಳೆಯ ಕಟಿಂಗ್ ಮಾಸ್ಟರ್ ಬಂದಿದ್ದರು. ಅಡುಗೆಮನೆಯ ಬಾಗಿಲಿಗೆ ಎದುರಾಗಿಯೇ ಕೂತಿದ್ದರಿಂದ ಅವರು ಹೇಳಿದ್ದೆಲ್ಲ ಸೊಸೆಗೆ ಕೇಳುತ್ತಿತ್ತು. ಈಯಮ್ಮ ಬೇರೆಯವರ ಹೊಲಿಗೆಯನ್ನು ಬಯ್ಯದೆ ಬಿಚ್ಚಿದ್ದೇ ಇಲ್ಲವಂತೆ. ಹೊಲಿದವನು ಎದುರಿಗೇ ಇದ್ದರೂ, ಕತ್ತೆ ಹೊಲಿದಿದೆ ಎನ್ನುತ್ತಿದ್ದಳಂತೆ. ಒಮ್ಮೆ ಯಜಮಾನರ ಕೋಟನ್ನೇ ಹಾಗೆ ಅಂದು, ಅದು ಅವರ ತಂದೆ ಕೈಯಾರೆ ಹೊಲಿದದ್ದೆಂದು ಆಮೇಲೆ ಗೊತ್ತಾಯಿತಂತೆ. ಕುರ್ಚಿಗಳಲ್ಲಿ ಸಣ್ಣಗೆ ನಗು ಹರಿಯಿತು, ಸಾವಿನ ಮನೆಯೆಂದು ನೆನಪಾಗಿ ನಿಂತಿತು.

"ಕರೆಂಟ್ ಹೋದ್ರೂ ಆಯಮ್ಮನ ಕೆಲಸ ನಿಲ್ತಿರಲಿಲ್ಲ," ಎಂದರು ಮಾಸ್ಟರ್. "ಕತ್ತಲಲ್ಲೇ ಬೆರಳಾಡಿಸಿ ಸೊಟ್ಟ ಎಲ್ಲಿದೆ ಅಂತ ಹೇಳೋರು. ಒಂದು ನೂಲು ಆಚೀಚೆ ಆಗಿದ್ರೂ ಬಿಡ್ತಿರಲಿಲ್ಲ. ಹುಟ್ಟುಗುಣ, ಏನು ಮಾಡೋದು."

ಮಗಳು ಒಳಗೆ ಬಂದು ಅತ್ತಿಗೆಯ ಎದುರಿನ ಸ್ಟೂಲಿನ ಮೇಲೆ ಕೂತಳು. ತನ್ನ ಮದುವೆಯ ದಿನ ಬೆಳಿಗ್ಗೆ, ಎಲ್ಲರೂ ಹೊರಟು ನಿಂತಾಗ, ಅಮ್ಮ ಸೂಜಿ ಹಿಡಿದು ಬಂದು ಮೈಮೇಲಿದ್ದಂತೆಯೇ ಸೊಂಟ ಹಿಡಿದು ಹೊಲಿದದ್ದನ್ನು ನೆನೆಸಿಕೊಂಡಳು. ಅವತ್ತು ಎಷ್ಟು ಅತ್ತಿದ್ದೆ ಎಂದಳು. ಆಮೇಲೆ ಫೋಟೋ ನೋಡಿದರೆ ಅಮ್ಮ ಮಾಡಿದ್ದೇ ಸರಿ ಅನ್ನಿಸಿತಂತೆ. ಅದು ಇನ್ನೂ ಹೊಟ್ಟೆ ಉರಿಸಿತಂತೆ.

ಸೊಸೆ ಸಣ್ಣ ಕತ್ತರಿಯ ತುದಿಯಿಂದ ಹೊಲಿಗೆಯ ದಾರವನ್ನು ಮಾತ್ರ ಹೆಕ್ಕಿ ಹೆಕ್ಕಿ ಕತ್ತರಿಸುತ್ತಿದ್ದಳು. ಎಂಟು ತಿಂಗಳು ನಿದ್ದೆಗೆಟ್ಟದ್ದು ಅವಳ ಕಣ್ಣಲ್ಲಿ ಮರಳಿನಂತೆ ಕೂತಿತ್ತು. ಅಳು ಬರಬೇಕಿತ್ತು, ಬರುತ್ತಿರಲಿಲ್ಲ. ಈ ಕೆಲಸ ಮುಗಿದು, ವ್ಯಾನು ಹೋಗಿ, ಎಲ್ಲರೂ ಹೊರಟು, ಎಲ್ಲಾದರೂ ಒಂದು ಕಡೆ ಉದ್ದಕ್ಕೆ ಮಲಗಿದರೆ ಸಾಕು ಅನ್ನಿಸುತ್ತಿತ್ತು. ಹಾಗೆ ಅನ್ನಿಸುವುದಕ್ಕೆ ನಾಚಿಕೆಯೂ ಆಗುತ್ತಿತ್ತು.

*

ಆರು ವರ್ಷದ ಹಿಂದಿನ ಮಾತು. ಅದುವರೆಗೆ ಬೆನ್ನಿನ ಭಾಗವೊಂದು ಮೊದಲಿನಂತೆಯೇ ಉಳಿದಿತ್ತು. ಬೆನ್ನು ತನಗೆ ಕಾಣುವುದಿಲ್ಲವಲ್ಲ, ಅದಕ್ಕೇ ಬಿಟ್ಟಿದ್ದಾಳೆ ಎಂದು ಸೊಸೆ ಅಂದುಕೊಂಡಿದ್ದಳು. ಆ ಚಳಿಗಾಲ ಅತ್ತೆ ಹೀಟರಿಗೆ ಬೆನ್ನು ಕೊಟ್ಟು ಕೂತವಳು ಹಾಗೆಯೇ ತೂಕಡಿಸಿ, ಸುಟ್ಟ ವಾಸನೆ ಬಂದು ಎದ್ದಳು. ಮೈಗೇನೂ ಆಗಿರಲಿಲ್ಲ. ಸ್ವೆಟರಿನ ಬೆನ್ನಿನಲ್ಲಿ ಅಂಗೈಗಿಂತ ದೊಡ್ಡದಾದ ತೂತು ಬಿದ್ದು ಸುತ್ತಲೂ ಕರಕಾಗಿತ್ತು.

ಮಾರನೆಯ ವಾರ ಸೊಸೆ ಕೋಣೆಗೆ ಹೋದಾಗ ಅತ್ತೆಯ ತೊಡೆಯ ಮೇಲೆ ಹೊಸ ಉಣ್ಣೆ ಇತ್ತು. ಎಷ್ಟು ಅಂಗಡಿ ತಿರುಗಿದ್ದಳೋ, ಬಣ್ಣ ಹೆಚ್ಚುಕಮ್ಮಿ ಹೊಂದುತ್ತಿತ್ತು, ಕೂದಲೆಳೆಯಷ್ಟು ಗಾಢ. ಸುಟ್ಟ ಬೆನ್ನನ್ನು ಹಲಗೆಯ ಮೇಲೆ ಹರಡಿ, ಅಲ್ಲಲ್ಲಿ ಗುಂಡುಸೂಜಿ ಚುಚ್ಚಿ, ಒಂದು ಹಾಳೆಯಲ್ಲಿ ಏನೇನೋ ಗುರುತು ಮಾಡಿಕೊಳ್ಳುತ್ತಿದ್ದಳು. ಎಲ್ಲಿ ಏನು ಬದಲಿಸಬೇಕೆಂದು ನೋಡುತ್ತಿದ್ದಾಳೆ, ಇನ್ನೇನು, ಎಂದುಕೊಂಡಳು ಸೊಸೆ. ಹದಿಮೂರು ವರ್ಷ ನುಂಗಿಕೊಂಡದ್ದು ಅವತ್ತು ಬಾಯಿಗೆ ಬಂತು.

"ಇದರ ಬದಲು ಹೊಸದೇ ಒಂದು ಹೆಣ್ಕೊಳ್ಳಿ ಅತ್ತೆ. ಇದರಲ್ಲಿ ನನ್ನದು ಅಂತ ಉಳಿದಿದ್ದು ಅದೊಂದೇ, ಅದೂ ಹೋಯ್ತು."

ಅತ್ತೆ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. ಬಯ್ಯಬಹುದು ಎಂದುಕೊಂಡಳು ಸೊಸೆ, ಬೈದಿದ್ದರೆ ಒಳ್ಳೆಯದಿತ್ತು. ಆದರೆ ಅತ್ತೆ, "ಎಣಿಕೆ ತಪ್ಪಿಸ್ಬೇಡ ಹೋಗು," ಎಂದು ತುಟಿಯಲ್ಲೇ ಸಾಲು ಎಣಿಸತೊಡಗಿದಳು. ಆಮೇಲೆ ಅವರಿಬ್ಬರೂ ಆ ಸ್ವೆಟರಿನ ಮಾತೆತ್ತಲಿಲ್ಲ. ಎಂಟು ತಿಂಗಳ ಹಿಂದೆ ಅತ್ತೆ ಹಾಸಿಗೆ ಹಿಡಿದ ಮೇಲೆ, ತೋಳು ಏರಿಸಲು ಕಷ್ಟವೆಂದು, ಅದು ಬೀರು ಸೇರಿತು.

*

ಎರಡನೆಯ ಪಕ್ಕದ ಹೊಲಿಗೆಯೂ ಬಿಟ್ಟುಕೊಂಡಿತು. ಸೊಸೆ ಬೆನ್ನಿನ ಭಾಗವನ್ನು ಮೇಜಿನ ಮೇಲೆ ಹರಡಿ, ದಾರದ ಚೂರುಗಳನ್ನು ಕೊಡವಲು ಅಂಗೈಯಿಂದ ಸವರಿದಳು. ಕೈ ಅಲ್ಲಿಯೇ ನಿಂತಿತು.

ಬೆನ್ನಿನ ನಡುವೆ ಜಡೆ ಇತ್ತು. ಎದೆಯ ಮೇಲೆ ಬೇಡವಾದ ಜಡೆಯನ್ನು ಅತ್ತೆ ಬೆನ್ನಿನಲ್ಲಿ ಮತ್ತೆ ಹೆಣೆದಿದ್ದಳು. ಉಣ್ಣೆ ಹೊಸದೇ, ಪಕ್ಕದ ತೋಳಿಗಿಂತ ಕೂದಲೆಳೆಯಷ್ಟು ಗಾಢ. ಎಳೆ ಬಿಗಿಯಾಗಿ ಒಂದೇ ಸಮ ಕೂತಿರುವ ರೀತಿಯೂ ಅತ್ತೆಯದೇ. ಸೊಸೆ ಜಡೆಯ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲೆ ಬಂದಳು. ಬಲಕ್ಕೆ ಒಂದು ಹೊರಳು, ಬಲಕ್ಕೆ ಇನ್ನೊಂದು. ಆರರವರೆಗೂ ಬಲಕ್ಕೆ. ಏಳನೆಯದು ಎಡಕ್ಕೆ ಹೊರಳಿತ್ತು. ಎಂಟರಿಂದ ಕುತ್ತಿಗೆಯವರೆಗೆ ಮತ್ತೆ ಬಲಕ್ಕೆ.

ಅವಳಿಗೆ ಆ ಏಳನೆಯ ಹೊರಳು ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಕೌಂಟರಿನ ಹಿಂದೆ ಕೂತು ಬೆನ್ನಿನ ಭಾಗ ಹೆಣೆಯುವಾಗ ಯಾರೋ ಗಿರಾಕಿ ಕರೆದು, ಎದ್ದು ಹೋಗಿ ಬಂದು, ಮೂರು ಕುಣಿಕೆಯನ್ನು ಹಿಂದೆ ಹಿಡಿಯುವ ಬದಲು ಮುಂದೆ ಹಿಡಿದುಬಿಟ್ಟಿದ್ದಳು. ಇಡೀ ಸ್ವೆಟರ್ ಮುಗಿದ ಮೇಲೆ ಕಣ್ಣಿಗೆ ಬಿತ್ತು. ಬಿಚ್ಚಲು ಎದೆ ಬರಲಿಲ್ಲ. ಗಂಡನಿಗೂ ಹೇಳಲಿಲ್ಲ. ಅತ್ತೆಯ ಕಣ್ಣಿಗೆ ಬಿದ್ದರೆ ಗತಿಯೇನು ಎಂದು ಆ ಎಂಟು ದಿನವೂ ಹೆದರಿದ್ದಳು, ಬೀಳಲಿಲ್ಲವೆಂದು ನೆಮ್ಮದಿಯಾಗಿದ್ದಳು.

ತಪ್ಪಿ ಬಂದಿರಲು ಸಾಧ್ಯವಿರಲಿಲ್ಲ. ಆರು ಸಲ ಬಲಕ್ಕೆ ಹೊರಳಿಸಿದ ಕೈ ಏಳನೆಯ ಸಲ ತಾನಾಗಿ ಬಲಕ್ಕೇ ಹೋಗುತ್ತದೆ. ಅದನ್ನು ತಡೆದು, ಕುಣಿಕೆಯನ್ನು ಮುಂದೆ ಹಿಡಿದು, ಬೇಕೆಂದೇ ಎಡಕ್ಕೆ ತರಬೇಕು. ಅದೂ ಅದೇ ಏಳನೆಯದನ್ನು. ಕತ್ತಲಲ್ಲಿ ಬೆರಳಿನಿಂದ ಸೊಟ್ಟ ಹಿಡಿಯುವವಳು, ನೆಟ್ಟಗಿದ್ದದ್ದನ್ನೂ ಬಿಡದವಳು, ಇದೊಂದು ಸೊಟ್ಟವನ್ನು ಗುಂಡುಸೂಜಿ ಚುಚ್ಚಿ, ಹಾಳೆಯಲ್ಲಿ ಗುರುತು ಮಾಡಿ, ಸಾಲು ಎಣಿಸಿ, ಇದ್ದ ಜಾಗದಲ್ಲೇ ಇಟ್ಟಿದ್ದಳು. ಇಟ್ಟು, ಹಾಸಿಗೆ ಹಿಡಿಯುವವರೆಗೂ ಬೆನ್ನ ಮೇಲೆ ಹೊತ್ತುಕೊಂಡು ಓಡಾಡಿದ್ದಳು. ಒಂದು ಮಾತು ಆಡಿರಲಿಲ್ಲ. ಹಾಳು ಮುದುಕಿ, ಒಂದು ಮಾತು ಆಡಿದ್ದರೆ ಏನು ಹೋಗುತ್ತಿತ್ತು ಎಂದು ಸೊಸೆಗೆ ಸಿಟ್ಟು ಬಂತು. ಕೇಳಲಿಲ್ಲವಲ್ಲ ತಾನು, ಮುಟ್ಟಿಯಾದರೂ ನೋಡಲಿಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೇ ಬಂತು. ಅವಳು ತಲೆಯನ್ನು ಮೇಜಿನ ಮೇಲೆ, ಆ ಉಣ್ಣೆಯ ಮೇಲೆಯೇ ಇಟ್ಟುಬಿಟ್ಟಳು.

ನಾದಿನಿ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಸುಸ್ತಾಗಿದೆ ನಿಮಗೆ, ನಾನು ಹೊಲಿಯಲಾ ಎಂದು ಕೇಳಿದಳು. ಬೇಡ, ಸೂಜಿಗೆ ದಾರ ಪೋಣಿಸಿ ಕೊಡು ಸಾಕು, ನನಗೆ ಕಣ್ಣು ಕಾಣುತ್ತಿಲ್ಲ ಎಂದಳು ಸೊಸೆ.

ಹತ್ತೂಕಾಲಿಗೆ ಆಯಾ ಮುದುಕಿಯನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಳು. ಸೊಸೆ ಬೆನ್ನಿನ ಭಾಗವನ್ನು ಅಡಿಗೆ ಸರಿಸಿ, ಜಡೆ ನೆಟ್ಟಗೆ ಬೆನ್ನುಮೂಳೆಯ ಮೇಲೆ ಕೂರುವಂತೆ ಎರಡು ಸಲ ಎಳೆದು ಸರಿಮಾಡಿದಳು. ಕೆಳಗೆ ಯಾರಿಗೆ ಕಾಣುತ್ತೆ ಅಕ್ಕಾ ಎಂದಳು ಆಯಾ. ಸೊಸೆ ಅತ್ತೆಯನ್ನು ಮಲಗಿಸಿ, ಮುಂಭಾಗ ಹೊದಿಸಿ, ತೋಳುಗಳನ್ನು ತಣ್ಣನೆಯ ಕೈಗಳ ಸುತ್ತ ತಂದು, ಹಾಸಿಗೆಯ ಪಕ್ಕ ಮೊಣಕಾಲೂರಿ ಕೂತು ಹೊಲಿಯತೊಡಗಿದಳು. ಮಣಿಕಟ್ಟಿನಿಂದ ಕಂಕುಳಿಗೆ, ಕಂಕುಳಿನಿಂದ ಸೊಂಟಕ್ಕೆ. ಒಂದು ಪಕ್ಕ ಮುಗಿಯುವ ಹೊತ್ತಿಗೆ ಕೆಳಗೆ ವ್ಯಾನು ಬಂದು ನಿಂತ ಸದ್ದಾಯಿತು. ಪಿನ್ನು ಹಾಕಿಬಿಡಿ ಎಂದು ಗಂಡ ಬಾಗಿಲಿನಿಂದ ಹೇಳಿದ. ಅವಳು ಇನ್ನೊಂದು ಪಕ್ಕಕ್ಕೆ ಹೋಗಿ ಮತ್ತೆ ಮಣಿಕಟ್ಟಿನಿಂದ ಶುರುಮಾಡಿದಳು. ನಾದಿನಿ ಪಕ್ಕದಲ್ಲಿ ಕೂತು ದಾರ ಮುಗಿದಂತೆಲ್ಲ ಪೋಣಿಸಿ ಕೊಟ್ಟಳು, ಹೊಸ ಬಟ್ಟೆಯ ಮಾತು ಮತ್ತೆ ಎತ್ತಲಿಲ್ಲ.

ಕೊನೆಯ ಗಂಟು ಹಾಕಿ ದಾರ ಕತ್ತರಿಸಿದಾಗ ಹನ್ನೊಂದೂವರೆ. ಮಗ, ಕಟಿಂಗ್ ಮಾಸ್ಟರ್, ಕೆಳಮನೆಯ ಅಪ್ಪ ಮಗ, ಹೊರಲು ನಾಲ್ವರು ಬಾಗಿಲಿಗೆ ಬಂದರು.

"ಒಂದು ಸಲ ಪಕ್ಕಕ್ಕೆ ಹೊರಳಿಸಿ," ಎಂದಳು ಸೊಸೆ.

ಏನಾದರೂ ಬಿಟ್ಟುಹೋಯಿತೇ ಎಂದು ಆಯಾ ಕೇಳಿದಳು. ಇಲ್ಲ ಎಂದಳು. ಆಯಾ ಹೆಗಲು ಹಿಡಿದಳು, ನಾದಿನಿ ಸೊಂಟ ಹಿಡಿದಳು, ಮುದುಕಿ ಗೋಡೆಯ ಕಡೆ ಮುಖ ಮಾಡಿ ಹೊರಳಿದಳು. ಸೊಸೆ ಬಗ್ಗಿ ಕೆಳಗಿನಿಂದ ಎಣಿಸಿ ಬೆರಳಿಟ್ಟಳು. ನಾದಿನಿಯೂ ಬಗ್ಗಿ ನೋಡಿದಳು. ಅವಳೂ ಆಲ್ಟ್ರೇಷನ್ ಅಮ್ಮನ ಮಗಳೇ.

"ಇದೊಂದು ಉಲ್ಟಾ ಬಿದ್ದಿದೆಯಲ್ಲ ಅತ್ತಿಗೆ. ಅಮ್ಮ ಹೆಂಗೆ ಬಿಟ್ಲು ಇದನ್ನ?"

"ಅದು ನನ್ನದು," ಎಂದಳು ಸೊಸೆ.

ಆಯಾ ಭಾರಕ್ಕೆ ಹಿಡಿತ ಬದಲಿಸಿದಳು. ಬಾಗಿಲಲ್ಲಿ ನಾಲ್ವರು ಗಂಡಸರು ಒಳಗೆ ಬರುವುದೋ ಬೇಡವೋ ತಿಳಿಯದೆ ನಿಂತಿದ್ದರು. ಸೊಸೆ ಅಂಗೈ ಬಿಡಿಸಿ ಅತ್ತೆಯ ಬೆನ್ನಿನ ಮೇಲೆ ಇಟ್ಟಿದ್ದಳು, ಇನ್ನೂ ತೆಗೆದಿರಲಿಲ್ಲ.